ಸಹಾಯ ಬೇಕು: ಸಮುದ್ರವೇ ಜಾಸ್ತಿ ಇರುವ ಗ್ರಹದಲ್ಲಿ ಜನ ಹೇಗೆ ಬಾಳುತ್ತಾರೆ?

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಥೆಯ ಗ್ರಹದಲ್ಲಿ ನೂರಕ್ಕೆ 95 ಭಾಗ ಕಡಲು. ನಮ್ಮ ಭೂಮಿಯಲ್ಲೇ ಸುಮಾರು 71 ಭಾಗ ಇದೆ, ಅಲ್ವಾ? ಉಳಿದದ್ದು ಚದುರಿದ ಸಣ್ಣ ದ್ವೀಪಗಳು.

ನಾಲೆ ನೀರಲ್ಲಿ ಭತ್ತ, ಕಬ್ಬು ಬೆಳೆಯುವ ಊರಿನವನಿಗೆ ಹೊಳೆಯೇ ಇಲ್ಲದ ನಾಡನ್ನು ಊಹಿಸುವುದು ಕಷ್ಟ. ಇಲ್ಲಿ ಕನ್ನಂಬಾಡಿ ಕಟ್ಟೆ ತುಂಬಿತಾ ಅನ್ನುವುದರ ಮೇಲೆ ವರ್ಷದ ಲೆಕ್ಕಾಚಾರ. ಅಲ್ಲಿ ಕುಡಿಯುವ ನೀರು ಯಾರ ಕೈಲಿರುತ್ತದೆ? ಹವಳದ ದ್ವೀಪಗಳಲ್ಲಿ ಮಳೆನೀರು ನೆಲದೊಳಗೆ ಇಳಿದು, ಹಗುರವಾಗಿರುವುದರಿಂದ ಉಪ್ಪುನೀರಿನ ಮೇಲೆ ತೇಲುತ್ತದೆ. ಜಾಸ್ತಿ ಎತ್ತಿದರೆ ಬಾವಿಗೆ ಉಪ್ಪು ನುಗ್ಗುತ್ತದೆ. ಹಾಗಾಗಿ ನನ್ನ ಕಥೆಯಲ್ಲಿ ರಾಜನಿಗಿಂತ ಬಾವಿ ಕಾಯುವವರೇ ದೊಡ್ಡವರು. ನಂಬುವ ಹಾಗಿದೆಯಾ?

ನಾನು ಸಿಕ್ಕಿಕೊಂಡಿರುವುದು ಲೋಹದ ವಿಷಯದಲ್ಲಿ. ಯುರೋಪಿನವರು ಬರುವ ಮೊದಲು ಪೆಸಿಫಿಕ್ ಸಾಗರದ ಪಾಲಿನೇಷ್ಯ ದ್ವೀಪಗಳ ಜನ ಲೋಹ ಕರಗಿಸುತ್ತಿರಲಿಲ್ಲ. ಕಲ್ಲಿನ ಬಾಚಿಯಲ್ಲೇ ದೋಣಿ ಕಟ್ಟಿ, ನಕ್ಷತ್ರ, ಅಲೆ, ಹಕ್ಕಿ ನೋಡಿಕೊಂಡು ಹವಾಯಿವರೆಗೂ ಹೋದರು. ಹಾಗಾದರೆ ಅದಿರಿಲ್ಲದ ದ್ವೀಪದಲ್ಲಿ ದೊಡ್ಡ ಪಟ್ಟಣ ಬೆಳೆಯಬಹುದೇ? ಮರ ಮುಗಿದರೆ ದೋಣಿಗೇನು ಗತಿ? ಅದಿರಿರುವ ಒಂದೇ ದ್ವೀಪ ಎಲ್ಲರನ್ನೂ ಆಳುತ್ತದೆ ಅಂತ ಸುಮ್ನೆ ಬರೆದುಬಿಡಬಹುದು, ಆದರೆ ಅದು ತೀರಾ ಸುಲಭದ ದಾರಿ.

ಭೂಗೋಳ, ಇತಿಹಾಸ ಓದಿದವರು ಅಥವಾ ಕರಾವಳಿಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಕನ್ನಡದಲ್ಲಿ ಓದುವಂಥದ್ದು ಇದ್ದರೂ ತಿಳಿಸಿ. ಮೈಸೂರಿನವರಾದರೆ ನಾನೇ ಬಂದು ಸಿಗುತ್ತೇನೆ, ಕಾಫಿ ಖರ್ಚು ನನ್ನದು.