ಭಾನುವಾರದ ಸಂತೆ ಮಾತ್ರ ಬಿಡಬೇಡಿ ಅಕ್ಕ

ಅಕ್ಕ, ಗ್ರೂಪಿನಲ್ಲಿ ನೀವು ಹಾಕಿದ ಥಾಯ್ಲೆಂಡ್ ಪ್ಲ್ಯಾನ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಆಗಲ್ಲ ಅಂತ ವಾಯ್ಸ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ. ಚಿಕ್ಕಮ್ಮನಿಗೂ ಕೇಳಿಸಿ.

ಡಿಸೆಂಬರ್‌ನಲ್ಲಿ ಶುಕ್ರವಾರ ಚಿಯಾಂಗ್ ಮಾಯ್ ತಲುಪಿ, ಭಾನುವಾರ ಬೆಳಿಗ್ಗೆಯೇ ಬ್ಯಾಂಕಾಕ್‌ಗೆ ಹೊರಡುತ್ತೇವೆ ಅಂತ ಬರೆದಿದ್ದೀರಿ. ಅದೊಂದನ್ನು ಬದಲಾಯಿಸಿ. ಆ ಊರಿನ ದೊಡ್ಡ ಸಂತೆ ಸೇರುವುದೇ ಭಾನುವಾರ ಸಂಜೆ. "ಅಲ್ಲೆಲ್ಲ ಬರೀ ಮಾಂಸ, ಮೀನು. ನಾನು ರೂಮಿನಲ್ಲೇ ಚಪಾತಿ ತಿಂದುಕೊಂಡು ಇರುತ್ತೇನೆ" ಅಂತ ಚಿಕ್ಕಮ್ಮ ಹೇಳಿದ್ದಾರಲ್ಲ, ಅದನ್ನು ಓದಿ ನನಗೆ ಸುಮ್ನೆ ಇರಲು ಆಗಲಿಲ್ಲ. ಅಷ್ಟು ದೂರ ಹೋಗಿ ಅವರೊಬ್ಬರೇ ರೂಮಿನಲ್ಲಿ ಕೂರುವುದು ಬೇಡ.

ಚಿಯಾಂಗ್ ಮಾಯ್ 1296ರಲ್ಲಿ ಮೆಂಗ್ರಾಯ್ ರಾಜ ಕಟ್ಟಿಸಿದ ಊರು. ಹಳೇ ಊರು ಚೌಕವಾಗಿದೆ, ಸುತ್ತ ನೀರಿನ ಕಂದಕ. ಪೂರ್ವಕ್ಕೆ ಥಾ ಪೇ ಅಂತ ಕೋಟೆ ಬಾಗಿಲು. ಅಲ್ಲಿಂದ ಒಳಕ್ಕೆ ಹೋಗುವ ರಾಚದಮ್ನೊನ್ ರಸ್ತೆಯಲ್ಲಿ ಭಾನುವಾರ ಸಂಜೆ ಗಾಡಿಗಳನ್ನೆಲ್ಲ ನಿಲ್ಲಿಸಿಬಿಡುತ್ತಾರೆ. ರಸ್ತೆಯ ಮೇಲೆ ಬಟ್ಟೆ, ಮರದ ಸಾಮಾನು, ಬಣ್ಣದ ಛತ್ರಿ. ತಿಂಡಿ ಅಂಗಡಿಗಳು ಜಾಸ್ತಿ ಇರುವುದು ಪಕ್ಕದ ಬೌದ್ಧ ದೇವಸ್ಥಾನಗಳ ಅಂಗಳದಲ್ಲಿ. ಗೋಪುರ ನೋಡಿಕೊಂಡು, ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು ತಿನ್ನಬಹುದು. ಸರಿಯಾಗಿ ಆರು ಗಂಟೆಗೆ ಧ್ವನಿವರ್ಧಕದಲ್ಲಿ ಅವರ ರಾಷ್ಟ್ರಗೀತೆ ಬರುತ್ತದೆ. ಆಗ ಇಡೀ ಸಂತೆ ನಿಂತಲ್ಲೇ ನಿಲ್ಲುತ್ತದೆ. ಸೌಟು ಹಿಡಿದವರು ಹಾಗೇ, ಚಿಲ್ಲರೆ ಎಣಿಸುತ್ತಿದ್ದವರೂ ಹಾಗೇ. ನೀವೂ ನಿಂತುಬಿಡಿ. ಮುಗಿದ ಕೂಡಲೇ ಮತ್ತೆ ಅದೇ ಗದ್ದಲ.

ಈಗ ಚಿಕ್ಕಮ್ಮನ ಊಟದ ವಿಷಯ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಹುಡುಕಿ. ನೋಡಲು 17 ಅಂತ ಬರೆದ ಹಾಗೆ ಕಾಣುತ್ತದೆ. ಅದನ್ನು "ಜೇ" ಅಂತ ಓದಬೇಕು. ಅಲ್ಲಿ ಮಾಂಸ, ಮೀನು, ಮೊಟ್ಟೆ ಏನೂ ಹಾಕುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ! ಅಲ್ಲಿನ ಚೀನೀ ಮೂಲದವರು ವರ್ಷಕ್ಕೊಮ್ಮೆ ಒಂಬತ್ತು ದಿನ ವ್ರತ ಹಿಡಿದು ಇದೇ ಊಟ ಮಾಡುತ್ತಾರೆ. 2023ರಲ್ಲೂ 2024ರಲ್ಲೂ ಅದು ನಮ್ಮ ನವರಾತ್ರಿಯ ಜೊತೆಗೇ ಬಂದಿತ್ತು. ನವರಾತ್ರಿಯಲ್ಲಿ ಈರುಳ್ಳಿ ಮುಟ್ಟದ ಚಿಕ್ಕಮ್ಮನಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಬಾವುಟ ಇಲ್ಲದ ಕಡೆ ಹುಷಾರು. ಬರೀ ತರಕಾರಿ ಕಂಡರೂ ಮೀನಿನ ಸಾಸ್ ಬಿದ್ದಿರುತ್ತದೆ. ಪಪ್ಪಾಯಿ ಕಾಯಿಯ ಸೋಮ್ ತಮ್ ಕೋಸಂಬರಿಗೆ ಒಣ ಸೀಗಡಿಯನ್ನೂ ಹಾಕಿ ಕುಟ್ಟುತ್ತಾರೆ. ಬೇಡ ಅಂದರೆ ಬಿಡುತ್ತಾರೆ, ಆದರೆ ಒರಳು ಅದೇ ಅಲ್ವಾ? ಚಿಕ್ಕಮ್ಮನಿಗೆ ಅದು ಬೇಡ. ಭಾವನಿಗೆ ಏನೂ ತೊಂದರೆ ಇಲ್ಲ, ಅವರು ಖಾವ್ ಸೋಯ್ ತಿನ್ನಲಿ. ತೆಂಗಿನಹಾಲಿನ ಸಾರಿನಲ್ಲಿ ನೂಡಲ್ಸ್, ಕೋಳಿ, ಮೇಲೆ ಕರಿದ ನೂಡಲ್ಸ್. ಆ ಸೀಮೆಯ ಹೆಸರುವಾಸಿ ಊಟ.

ಚಿಕ್ಕಮ್ಮ ತಪ್ಪದೇ ನೋಡಬೇಕಾದದ್ದು ಖನೊಮ್ ಕ್ರೋಕ್. ನಮ್ಮ ಪಡ್ಡಿನ ಕಾವಲಿಯನ್ನೇ ಯಾರೋ ಅಲ್ಲಿಗೆ ಒಯ್ದ ಹಾಗಿದೆ. ಗುಳಿಗಳಿಗೆ ಮೊದಲು ಅಕ್ಕಿ ಹಿಟ್ಟು ಹುಯ್ಯುತ್ತಾರೆ. ಅಂಚು ಗಟ್ಟಿಯಾಗುತ್ತಿದ್ದಂತೆ ಮೇಲೆ ಗಟ್ಟಿ ತೆಂಗಿನಹಾಲು. ಅದಕ್ಕೆ ಸಕ್ಕರೆಯೂ ಇರುತ್ತದೆ, ಚೂರು ಉಪ್ಪೂ ಇರುತ್ತದೆ. ಆಮೇಲೆ ಮುಚ್ಚಳ. ಮಗುಚಿ ಹಾಕುವುದಿಲ್ಲ. ಬೆಂದ ಮೇಲೆ ಚಮಚದಲ್ಲಿ ಎಬ್ಬಿಸಿ, ಎರಡನ್ನು ಮುಖಾಮುಖಿ ಸೇರಿಸಿ ಕೊಡುತ್ತಾರೆ. ತಳ ಗರಿಗರಿ, ನಡುವೆ ಇನ್ನೂ ಹಾಲು ಹಾಲಾಗಿರುತ್ತದೆ. ತಕ್ಷಣ ಬಾಯಿಗೆ ಹಾಕಿಕೊಂಡರೆ ನಾಲಿಗೆ ಸುಡುತ್ತದೆ, ಮಕ್ಕಳಿಗೆ ಮೊದಲೇ ಹೇಳಿ. ಮೇಲೆ ಜೋಳ ಅಥವಾ ಈರುಳ್ಳಿ ಹೂವು ಉದುರಿಸುತ್ತಾರೆ, ಕೆಲವರು ಸೀಗಡಿ ಹಾಕುತ್ತಾರೆ. ಕಣ್ಣೆದುರಿಗೇ ಮಾಡುವುದರಿಂದ ನೋಡಿ ತೆಗೆದುಕೊಳ್ಳಬಹುದು. ಪಡ್ಡು ಮಾಡಿ ಪಳಗಿದ ಕೈ ಚಿಕ್ಕಮ್ಮನದು. ಆ ಕಾವಲಿ ಮುಂದೆ ಅವರು ಎಷ್ಟು ಹೊತ್ತು ನಿಲ್ಲುತ್ತಾರೋ ನಿಲ್ಲಲಿ, ಕರೆದು ಅವಸರ ಮಾಡಬೇಡಿ.

ಖಾವ್ ಲಾಮ್ ಕೂಡ ಚೆನ್ನಾಗಿರುತ್ತದೆ. ಅಂಟು ಅಕ್ಕಿ, ತೆಂಗಿನಹಾಲು, ಸಕ್ಕರೆಯನ್ನು ಬಿದಿರಿನ ಕೊಳವೆಯಲ್ಲಿ ತುಂಬಿ ಕೆಂಡದಲ್ಲಿ ಸುಟ್ಟಿರುತ್ತಾರೆ. ಕುಡಿಯಲು ಶಂಖಪುಷ್ಪದ ಶರಬತ್ತು ಕೇಳಿ. ನಿಂಬೆರಸ ಬಿದ್ದರೆ ನೀಲಿ ಬಣ್ಣ ನೇರಳೆಗೆ ತಿರುಗುತ್ತದೆ. ನಿಮ್ಮ ಕಾಂಪೌಂಡಿಗೆ ಹಬ್ಬಿರುವ ಅದೇ ಬಳ್ಳಿ. ಕಬ್ಬಿನ ಹಾಲೂ ಸಿಗುತ್ತದೆ, ಥಾಯ್ಲೆಂಡೂ ಕಬ್ಬಿನ ದೇಶವೇ. ಅದು ಹೇಗಿದೆ ಅಂತ ಮಂಡ್ಯದ ಚಿಕ್ಕಮ್ಮನೇ ಹೇಳಬೇಕು.

ಹುರಿದ ಹುಳುಗಳ ಗಾಡಿಗಳೂ ಇರುತ್ತವೆ. ಚಿಕ್ಕಮ್ಮನಿಗೆ ಮೊದಲೇ ತಿಳಿಸಿಬಿಡಿ, ಗಾಬರಿಯಾಗದೆ ಮುಂದೆ ಹೋಗುತ್ತಾರೆ. 20, 50, 100 ಬಾತ್ ನೋಟುಗಳನ್ನು ಮುರಿಸಿಟ್ಟುಕೊಳ್ಳಿ.

ಐದು ಗಂಟೆಗೇ ಹೋಗಿ, ಏಳರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಚಿಕ್ಕಮ್ಮನ ಮಂಡಿ ನೋವಿಗೆ ಹೆದರಬೇಡಿ. ದಾರಿಯುದ್ದಕ್ಕೂ ಕುರ್ಚಿ ಹಾಕಿಕೊಂಡು ಕಾಲು ಒತ್ತುವವರು ಇರುತ್ತಾರೆ, ಅಲ್ಲಿ ಕೂರಿಸಿ. ರೂಮನ್ನು ಹಳೇ ಊರಿನ ಒಳಗೇ ಮಾಡಿದರೆ ವಾಪಸ್ ಬರಲು ಆಟೋ ಕೂಡ ಬೇಕಾಗುವುದಿಲ್ಲ. ವಿಮಾನದ ಟಿಕೆಟ್ ಇನ್ನೂ ಮಾಡಿಸಿಲ್ಲ ಅಂದಿದ್ದೀರಲ್ಲ, ಭಾವನಿಗೆ ಇವತ್ತೇ ಹೇಳಿ, ಸೋಮವಾರದ್ದು ನೋಡಲಿ.