ಡಬ್ಬಿ ಹಾಲು ಕುಡಿದ ಮಗು ಮುಂದೆ ದಪ್ಪ ಆಗುತ್ತಾ? ಅನುಭವ ಇದ್ದವರು ಹೇಳಿ

ಮಗನಿಗೆ ಮೂರು ತಿಂಗಳು. ಎದೆಹಾಲು ಸಾಲುತ್ತಿಲ್ಲ ಅಂತ ರಾತ್ರಿ ಹೊತ್ತು ಡಬ್ಬಿ ಹಾಲು ಶುರು ಮಾಡಿದ್ದೇವೆ. "ಡಬ್ಬಿ ಹಾಲಿನ ಮಕ್ಕಳು ಆಮೇಲೆ ಊದಿಕೊಳ್ತಾರೆ" ಅಂದರು ನಮ್ಮತ್ತಿಗೆ. ಅವತ್ತಿಂದ ನನಗೆ ನಿದ್ದೆಯೇ ಇಲ್ಲ.

ಮೈಸೂರಿಂದ, ಇಬ್ಬರು ಮಕ್ಕಳ ಅಮ್ಮ:
ಮೊದಲು ನಿದ್ದೆ ಮಾಡಿ. ನನ್ನ ದೊಡ್ಡವಳು ಎರಡನೇ ತಿಂಗಳಿಂದ ಡಬ್ಬಿ ಹಾಲು ಕುಡಿದವಳು, ಚಿಕ್ಕವನು ಎರಡು ವರ್ಷ ಎದೆಹಾಲು ಕುಡಿದ. ಈಗ ಇಬ್ಬರಲ್ಲಿ ಸ್ವಲ್ಪ ದಪ್ಪ ಇರುವುದು ಚಿಕ್ಕವನೇ. ನಮ್ಮನೆ ಒಂದನ್ನೇ ನೋಡಿ ಹೇಳೋಕಾಗಲ್ಲ, ನಿಜ. ಆದರೆ ಬೆಲಾರೂಸಿನಲ್ಲಿ 1996–97ರ ಸುಮಾರಿಗೆ ಹುಟ್ಟಿದ 17 ಸಾವಿರ ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿದೆ. ಕೆಲವು ಆಸ್ಪತ್ರೆಗಳಲ್ಲಿ ತಾಯಂದಿರಿಗೆ ಹಾಲೂಡಿಸಲು ಹೆಚ್ಚು ಸಹಾಯ ಕೊಟ್ಟರು, ಉಳಿದ ಕಡೆ ಎಂದಿನಂತೆ ಬಿಟ್ಟರು. ಸಹಾಯ ಸಿಕ್ಕವರು ಜಾಸ್ತಿ ದಿನ ಎದೆಹಾಲು ಕೊಟ್ಟರು, ಮಕ್ಕಳಿಗೆ ಭೇದಿಯೂ ಕಡಿಮೆಯಾಯಿತು. ಆದರೆ ಹದಿನಾರು ವರ್ಷಕ್ಕೆ ನೋಡಿದರೂ ಬೊಜ್ಜು ಮಾತ್ರ ಕಡಿಮೆ ಆಗಿರಲಿಲ್ಲ. ನಮ್ಮ ಡಾಕ್ಟರ್ ಇದನ್ನು ಹೇಳಿದಾಗ ಅಲ್ಲೇ ಅತ್ತುಬಿಟ್ಟೆ, ಅಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೆ ಆ ಭಾರವನ್ನು.
ನಾನು ಮಾಡಿದ ತಪ್ಪು ಬೇರೆ. ಬಾಟಲಿಯಲ್ಲಿ ಎರಡು ಗುಟುಕು ಉಳಿದರೂ ಮನಸ್ಸು ಒಪ್ಪುತ್ತಿರಲಿಲ್ಲ. ಅವಳು ಮುಖ ತಿರುಗಿಸಿದರೂ ನಿಪ್ಪಲನ್ನು ತುಟಿಗೆ ತಾಗಿಸಿ ಅಲ್ಲಾಡಿಸುತ್ತಿದ್ದೆ. ಪಾಪ, ಮತ್ತೆ ಚೀಪುತ್ತಿತ್ತು, ಆಮೇಲೆ ನನ್ನ ಹೆಗಲ ಮೇಲೆ ಕಕ್ಕುತ್ತಿತ್ತು. ಸಾಕು ಅಂತ ಮಗುವೇ ಹೇಳುತ್ತೆ. ಉಳಿದರೆ ಚೆಲ್ಲಿಬಿಡಿ.

ದಾವಣಗೆರೆಯಿಂದ, ಒಬ್ಬಳ ಅಪ್ಪ:
ಪುಡಿಯ ಅಳತೆ ನೋಡಿಕೊಳ್ಳಿ. ನಮ್ಮಮ್ಮ "ನೀರು ನೀರಾಗಿದೆ" ಅಂತ ಚಮಚದ ಮೇಲೆ ಗುಡ್ಡೆ ಮಾಡಿ ಹಾಕುತ್ತಿದ್ದರು. ಡಬ್ಬಿ ಮೇಲೆ ಬರೆದಷ್ಟೇ ಹಾಕಬೇಕು, ಚಮಚದ ತಲೆ ಸವರಿ. ವರ್ಷ ತುಂಬುವವರೆಗೆ ಹಸುವಿನ ಹಾಲನ್ನೇ ಮುಖ್ಯ ಮಾಡಬೇಡಿ, ಅದರಲ್ಲಿ ಎದೆಹಾಲಿನ ಮೂರು ಪಟ್ಟು ಪ್ರೋಟೀನ್ ಇರುತ್ತೆ. ಯುರೋಪಿನ ಒಂದು ಪ್ರಯೋಗದಲ್ಲಿ ಪ್ರೋಟೀನ್ ಜಾಸ್ತಿ ಇದ್ದ ಡಬ್ಬಿ ಹಾಲು ಕುಡಿದ ಮಕ್ಕಳು ಆರು ವರ್ಷಕ್ಕೆ ಹೆಚ್ಚು ದಪ್ಪ ಇದ್ದರು. ರಾಗಿ ಸರಿ ಆರು ತಿಂಗಳಾದ ಮೇಲೆ, ಸಕ್ಕರೆ ಬೆಲ್ಲ ಬೇಡ.

ಶಿವಮೊಗ್ಗದಿಂದ:
ಹಾಲು ಸಾಲುತ್ತಿಲ್ಲ ಅಂತ ಹೇಳಿದ್ದು ಯಾರು? ತೂಕ ನೋಡಿದ್ರಾ? ನನಗೂ ಬಾಣಂತನದಲ್ಲಿ ಎಲ್ಲರೂ ಹಾಗೇ ಅಂದಿದ್ದರು. ಅಂಗನವಾಡಿಯಲ್ಲಿ ತೂಗಿಸಿದರೆ ತಾಯಿ ಕಾರ್ಡಿನ ಗೆರೆ ಚೆನ್ನಾಗಿಯೇ ಏರುತ್ತಿತ್ತು! ರಾತ್ರಿ ಕುಡಿಸುವುದರಿಂದಲೇ ಹಾಲು ಚೆನ್ನಾಗಿ ಇಳಿಯುವುದು, ನೀವು ಅದನ್ನೇ ಬಿಟ್ಟಿದ್ದೀರಿ ಅಲ್ವಾ? ಮೊದಲು ಎದೆಗೆ ಹಾಕಿ, ಆಮೇಲೂ ಹಸಿವಾದರೆ ಡಬ್ಬಿ. ನಾಳೆ ತೂಕ ಮಾಡಿಸಿ, ಎಷ್ಟು ಬಂತು ಅಂತ ಇಲ್ಲೇ ಹೇಳಿ.