ಪದಚರ್ಚೆ: ಬಕ, ಸೊಳ್ಳೆ, ಕಡಜಗಳಿಂದ ಕಲಿತ ಸರ್ಜರಿ ಉಪಕರಣಗಳಿಗೆ ಕನ್ನಡದ ಹೆಸರು

ಬಳಗದ ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ಸೇರಿದ ಮಕ್ಕಳಿಗಾಗಿ ಆಪರೇಷನ್ ಉಪಕರಣಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದೇನೆ. ಹಕ್ಕಿ, ಹುಳು, ಪ್ರಾಣಿಗಳನ್ನು ನೋಡಿ ಮಾಡಿದ ಉಪಕರಣಗಳಿಗೆ ಅದರಲ್ಲಿ ಒಂದು ಅಧ್ಯಾಯ ಇದೆ. ಇವಕ್ಕೆಲ್ಲ ಒಟ್ಟಾಗಿ ಏನನ್ನಬೇಕು, ಬಿಡಿಬಿಡಿಯಾಗಿ ಏನನ್ನಬೇಕು ಎಂದು ನಿಮ್ಮನ್ನು ಕೇಳಬೇಕಾಗಿದೆ. ಒಟ್ಟು ಹೆಸರಾಗಿ 'ಜೈವಿಕ ಅನುಕರಣೆ' ಎಂಬ ಪದ ಅಲ್ಲಲ್ಲಿ ಕಾಣುತ್ತದೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಕಾರಣ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆಯ ಸೂತ್ರಸ್ಥಾನ ಎಂಬ ಭಾಗದ 7ನೇ ಅಧ್ಯಾಯದಲ್ಲಿ 101 ಯಂತ್ರಗಳ, ಅಂದರೆ ಕೊಯ್ಯದ ಉಪಕರಣಗಳ, ಲೆಕ್ಕ ಬರುತ್ತದೆ. ಅವುಗಳಲ್ಲಿ 24 ಸ್ವಸ್ತಿಕ ಯಂತ್ರಗಳು. ಎರಡು ತೋಳು ಅಡ್ಡ ಹಾಯ್ದು, ನಡುವೆ ಮೊಳೆ ಬಡಿದಂಥವು. ನಮ್ಮ ಮಾತಿನಲ್ಲಿ ಇಕ್ಕಳ. ಉದ್ದ 18 ಅಂಗುಲ. ನಡುವಿನ ಮೊಳೆ ಮಸೂರದ ಆಕಾರದಲ್ಲಿ, ಅಂದರೆ ಚನ್ನಂಗಿ ಬೇಳೆಯ ಹಾಗೆ ಇರಬೇಕಂತೆ. ಒಂದೊಂದರ ಬಾಯಿಯೂ ಒಂದೊಂದು ಪ್ರಾಣಿಯದು ಅಥವಾ ಹಕ್ಕಿಯದು: ಸಿಂಹಮುಖ, ವ್ಯಾಘ್ರಮುಖ, ಋಕ್ಷಮುಖ (ಕರಡಿ), ಕಾಕಮುಖ, ಗೃಧ್ರಮುಖ (ಹದ್ದು), ಕಂಕಮುಖ. ಎಲುಬಿಗೆ ನಾಟಿದ ಬಾಣದ ಮೊನೆಯಂಥದ್ದನ್ನು ಕೀಳಲು ಇವು ಬೇಕಾಗುತ್ತಿದ್ದವು. ಮುಂದಿನ ಅಧ್ಯಾಯದಲ್ಲಿ ಬರುವ 20 ಶಸ್ತ್ರಗಳಲ್ಲಿ, ಅಂದರೆ ಕೊಯ್ಯುವ, ಚುಚ್ಚುವ ಉಪಕರಣಗಳಲ್ಲಿ, ಗಿಡಗಳ ಹೆಸರೂ ಇವೆ. ಉತ್ಪಲಪತ್ರ ನೈದಿಲೆಯ ಎಸಳು, ಕುಶಪತ್ರ ದರ್ಭೆಯ ಎಲೆ, ವ್ರೀಹಿಮುಖ ಭತ್ತದ ಕಾಳಿನ ತುದಿ.

ಸಂಸ್ಕೃತಕ್ಕೆ ಇಲ್ಲಿ 'ಮುಖ' ಒಂದೇ ಪದ ಸಾಕು. ಸಿಂಹಕ್ಕೂ ಮುಖ, ಕಾಗೆಗೂ ಮುಖ. ಕನ್ನಡದಲ್ಲಿ ಹಾಗಲ್ಲ. ಪ್ರಾಣಿಗೆ ಮೂತಿ, ಹಕ್ಕಿಗೆ ಕೊಕ್ಕು. ಆದ್ದರಿಂದ ಸಿಂಹಮೂತಿ ಇಕ್ಕಳ, ಬಕಕೊಕ್ಕಿನ ಇಕ್ಕಳ ಎಂದು ಬರೆದಿದ್ದೇನೆ. ಕಂಕ ಎಂದರೆ ಬಕ ಎಂಬ ಅರ್ಥವನ್ನೇ ಹಿಡಿದಿದ್ದೇನೆ. ಹೆಸರು ಕೇಳಿದ ಕೂಡಲೇ ಮೊದಲನೆಯದು ಅಗಲ, ಮೊಂಡು, ಎರಡನೆಯದು ಉದ್ದ, ಚೂಪು ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಇದು ಸರಿಯಾಗಿದೆ ಅನ್ನಿಸುತ್ತದೆಯಾ? 'ಬಕಕೊಕ್ಕು' ನಾಲಿಗೆಗೆ ತೊಡಕಾದರೆ 'ಕೊಕ್ಕರೆ ಇಕ್ಕಳ' ಎನ್ನಬಹುದು. ಆದರೆ ಕೊಕ್ಕರೆ ಬೇರೆ ಹಕ್ಕಿ ಎಂದು ಪಕ್ಷಿವೀಕ್ಷಕರು ಹೇಳುತ್ತಾರೆ, ಅದೂ ನಿಜವೇ.

ಕಂಕಮುಖದ ಬಗ್ಗೆ ಸುಶ್ರುತ ಇನ್ನೂ ಒಂದು ಮಾತು ಹೇಳುತ್ತಾನೆ. ಇದು ಸಲೀಸಾಗಿ ಒಳಹೋಗುತ್ತದೆ, ಒಳಗಿರುವುದನ್ನು ಹಿಡಿದು ಕೀಳುತ್ತದೆ, ಸಲೀಸಾಗಿ ಹೊರಬರುತ್ತದೆ. ದೇಹದ ಯಾವ ಜಾಗಕ್ಕಾದರೂ ಆಗುತ್ತದೆ. ಆದ್ದರಿಂದ ಯಂತ್ರಗಳಲ್ಲಿ ಇದೇ ಮುಖ್ಯ ಎನ್ನುತ್ತಾನೆ. ಈ ಮಾತು ನನಗೆ ತುಂಬಾ ಇಷ್ಟ. ಬಕ ಕೆಸರು ನೀರಿನಿಂದ ಮೀನು ಎತ್ತುವಾಗ ಮಾಡುವುದೂ ಇಷ್ಟೇ ಅಲ್ವಾ? ಇಲ್ಲಿ ಹಕ್ಕಿಯಿಂದ ಬರೀ ಆಕಾರ ಬಂದಿಲ್ಲ, ಕೆಲಸ ಮಾಡುವ ರೀತಿಯೂ ಬಂದಿದೆ. ಯಂತ್ರಗಳನ್ನು ಹೇಗೆ ಮಾಡಿಸಬೇಕು ಎಂಬುದಕ್ಕೂ ಅಲ್ಲೇ ಸೂಚನೆ ಇದೆ: ಹೋಲಿಕೆ ನೋಡಿ, ಶಾಸ್ತ್ರ ನೋಡಿ, ಬಲ್ಲವರ ಮಾತು ಕೇಳಿ, ಬೇರೆ ಯಂತ್ರ ನೋಡಿ, ಯುಕ್ತಿಯಿಂದ. ಹೋಲಿಕೆ ಮೊದಲು ಬಂದರೂ ಯುಕ್ತಿ ಬಿಟ್ಟುಹೋಗಿಲ್ಲ.

ಈಗಿನ ಆಪರೇಷನ್ ಥಿಯೇಟರಿಗೆ ಬರೋಣ. ಸಣ್ಣ ರಕ್ತನಾಳ ಹಿಡಿಯುವ ಪುಟ್ಟ ಆರ್ಟರಿ ಫೋರ್ಸೆಪ್ಸಿಗೆ 'ಮಸ್ಕಿಟೊ' ಎನ್ನುತ್ತಾರೆ. ಕಿವಿ, ಮೂಗಿನ ಡಾಕ್ಟರ ಹತ್ತಿರ 'ಕ್ರೊಕೊಡೈಲ್' ಇರುತ್ತದೆ. ಮಸ್ಕಿಟೊ ಫೋರ್ಸೆಪ್ಸ್ ಸೊಳ್ಳೆಯಿಂದ ಏನನ್ನೂ ಕಲಿತಿಲ್ಲ. ಅದು ಚಿಕ್ಕದು, ಅಷ್ಟೇ. ಈ ಹೆಸರುಗಳನ್ನು ಕನ್ನಡಕ್ಕೆ ತರುವ ಆಸೆ ನನಗಿಲ್ಲ. ಡಾಕ್ಟರು 'ಮಸ್ಕಿಟೊ' ಅಂದಾಗ ಮಕ್ಕಳು ಅದನ್ನೇ ಎತ್ತಿಕೊಡಬೇಕು.

ಆದರೆ ಸೊಳ್ಳೆಯಿಂದ ನಿಜವಾಗಿ ಕಲಿತ ಸೂಜಿಯೂ ಒಂದಿದೆ. ಜಪಾನಿನ ಕನ್ಸಾಯ್ ವಿಶ್ವವಿದ್ಯಾಲಯದಲ್ಲಿ ಸೇಜಿ ಆಒಯಾಗಿ ಮತ್ತು ಜೊತೆಗಾರರು ಮಾಡಿದ್ದು. ಹೆಣ್ಣುಸೊಳ್ಳೆ ನಮ್ಮ ಚರ್ಮಕ್ಕೆ ಇಳಿಸುವುದು ಒಂದೇ ಕಡ್ಡಿಯಲ್ಲ, ಆರು ಎಳೆಗಳ ಕಟ್ಟು. ನಡುವೆ ರಕ್ತ ಹೀರುವ ಕೊಳವೆ. ಅದರ ಅಕ್ಕಪಕ್ಕದಲ್ಲಿ ಗರಗಸದಂಥ ಹಲ್ಲಿರುವ ಎರಡು ಎಳೆಗಳು. ಇವು ಸರದಿಯಲ್ಲಿ ಮುಂದೆ ಸರಿಯುತ್ತಾ ದಾರಿ ಮಾಡಿಕೊಡುತ್ತವೆ. ಹಲ್ಲಿನ ತುದಿಗಳು ಮಾತ್ರ ಚರ್ಮಕ್ಕೆ ತಾಗುವುದರಿಂದ ಉಜ್ಜುವಿಕೆ ಕಮ್ಮಿ, ನೋವೂ ಕಮ್ಮಿ. ಆಒಯಾಗಿ ತಂಡ ಆರರಲ್ಲಿ ಮೂರನ್ನು ಮಾತ್ರ ತೆಗೆದುಕೊಂಡು ಸಿಲಿಕಾನಿನಲ್ಲಿ ಕೂದಲಿನಷ್ಟು ಸಣ್ಣಗೆ ಮಾಡಿತು.

ಕಡಜದ ಕಥೆ ಇನ್ನೂ ಚೆನ್ನಾಗಿದೆ. ಮರದೊಳಗೆ ಮೊಟ್ಟೆಯಿಡುವ ಕಡಜಕ್ಕೆ ಹೊಟ್ಟೆಯ ತುದಿಯಲ್ಲಿ ಉದ್ದನೆಯ ಸಣ್ಣ ಅಂಗ ಇರುತ್ತದೆ. ಅಷ್ಟು ಸಣ್ಣದನ್ನು ಹಿಂದಿನಿಂದ ಒತ್ತಿದರೆ ಬಾಗಿಹೋಗಬೇಕು. ಆದರೆ ಅದು ಒಂದರ ಮೇಲೊಂದು ಜಾರುವ ಪಟ್ಟಿಗಳಿಂದ ಆಗಿದೆ. ಒಂದು ಪಟ್ಟಿಯ ಹಲ್ಲು ಮರವನ್ನು ಕಚ್ಚಿ ಹಿಡಿದಿರುವಾಗ ಇನ್ನೊಂದು ಮುಂದೆ ಹೋಗುತ್ತದೆ. ಆಮೇಲೆ ಅದು ಹಿಡಿಯುತ್ತದೆ, ಇದು ಹೋಗುತ್ತದೆ. ಹಗ್ಗ ಹಿಡಿದು ಬಾವಿಗೆ ಇಳಿಯುವವನ ಎರಡು ಕೈಗಳ ಹಾಗೆ. ಒಂದು ಕಡೆಯ ಎಳೆತ ಇನ್ನೊಂದು ಕಡೆಯ ಒತ್ತನ್ನು ತಡೆದುಕೊಳ್ಳುವುದರಿಂದ ಹಿಂದಿನಿಂದ ಜಾಸ್ತಿ ನೂಕಬೇಕಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಫರ್ಡಿನಾಂಡೊ ರೊಡ್ರಿಗೆಜ್ ಇ ಬಾಯೆನಾ ಅವರ ತಂಡ ಇದನ್ನು ಹಿಡಿದು ಮಿದುಳಿಗೆ ಇಳಿಸುವ ಸೂಜಿ ರೂಪಿಸಿತು. ಕಡಜದಲ್ಲಿ ಪಟ್ಟಿಗಳು ಮೂರು. ಈ ಸೂಜಿಯಲ್ಲಿ ನಾಲ್ಕು. ಒಂದು ಪಟ್ಟಿಯನ್ನು ಸ್ವಲ್ಪ ಮುಂದೆ ಚಾಚಿದರೆ ತುದಿ ಓರೆಯಾಗಿ ಸೂಜಿ ಆ ಕಡೆಗೆ ತಿರುಗುತ್ತದೆ. ನೇರ ಸೂಜಿಗೆ ರಕ್ತನಾಳ ಅಡ್ಡ ಬಂದರೆ ಬೇರೆ ದಾರಿ ಇಲ್ಲ. ಇದು ಬಳಸಿಕೊಂಡು ಹೋಗಬಲ್ಲದು.

ಆರಕ್ಕೆ ಮೂರು, ಮೂರಕ್ಕೆ ನಾಲ್ಕು. 'ಅನುಕರಣೆ' ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಅನುಕರಣೆ ಎಂದರೆ ಇದ್ದ ಹಾಗೇ ಮಾಡುವುದು ಎಂಬ ಭಾವ ಬರುತ್ತದೆ. ಇವರು ಕೆಲಸದ ಗುಟ್ಟನ್ನು ತಿಳಿದು, ತಮಗೆ ಬೇಕಾದಷ್ಟನ್ನು ತೆಗೆದುಕೊಂಡಿದ್ದಾರೆ. ಆದ್ದರಿಂದ ಒಟ್ಟು ಹೆಸರಿಗೆ 'ಕಂಡುಕಲಿತ ಉಪಕರಣ' ಎಂದು ಯೋಚಿಸಿದ್ದೇನೆ. 'ಪ್ರಕೃತಿ ಪ್ರೇರಿತ' ತಪ್ಪಲ್ಲ, ಆದರೆ ಅದು ಕವಿತೆಗೂ ಸಲ್ಲುತ್ತದೆ, ಸೀರೆಯ ಅಂಚಿಗೂ ಸಲ್ಲುತ್ತದೆ. ಬಿಡಿ ಹೆಸರುಗಳಿಗೆ 'ನಡೆ' ಸೇರಿಸಿ ಸೊಳ್ಳೆನಡೆ ಸೂಜಿ, ಕಡಜನಡೆ ಸೂಜಿ ಎನ್ನಬಹುದು. ಮೂತಿ, ಕೊಕ್ಕು ಎಂದರೆ ರೂಪ ಹೋಲುವುದು. ನಡೆ ಎಂದರೆ ಕೆಲಸ ಹೋಲುವುದು. ಈ ಗೆರೆ ಕಂಕಮುಖದ ಹತ್ತಿರ ಅಳಿಸಿಹೋಗುತ್ತದೆ, ಗೊತ್ತು. ಆದರೂ ಮಕ್ಕಳಿಗೆ ಇದು ದಾರಿ ತೋರಿಸುತ್ತದೆ ಎಂದು ನನ್ನ ನಂಬಿಕೆ.

ಇನ್ನು ಕಡಜದ ಆ ಅಂಗ. 'ಅಂಡನಿಕ್ಷೇಪಕ' ಬೇಡ ಅನ್ನಿಸುತ್ತದೆ. 'ಮೊಟ್ಟೆಗೊಳವೆ' ಹಗುರ, ಆದರೆ ಕೊರೆಯುವ ಕೆಲಸ ಅದರಲ್ಲಿ ಕಾಣುವುದಿಲ್ಲ. ಕುಟುಕುವ ಕಡಜ, ಜೇನುಗಳ ಕೊಂಡಿ ಇದೇ ಅಂಗದಿಂದ ಮಾರ್ಪಟ್ಟು ಬಂದದ್ದು. ಗಂಡುಹುಳ ಕುಟುಕದಿರುವುದೂ ಇದೇ ಕಾರಣಕ್ಕೆ. ಹಾಗಾದರೆ 'ಮೊಟ್ಟೆಕೊಂಡಿ' ಎಂದರೆ ಹೇಗೆ? ನನಗಂತೂ ಇದೇ ಹಿಡಿಸಿದೆ. 'ಕೊಂಡಿ'ಗೆ ಬೇರೆ ಅರ್ಥಗಳಿವೆ ಎಂಬ ಆಕ್ಷೇಪ ಬರಬಹುದು. ಜೇನಿನ ಕೊಂಡಿ, ಚೇಳಿನ ಕೊಂಡಿ ಗೊತ್ತಿರುವ ಮಕ್ಕಳಿಗೆ ಗೊಂದಲ ಆಗಲಾರದು.

ನಿಜವಾದ ತೊಡಕು ಮುಳ್ಳುಹಂದಿಯದು. ಅಮೆರಿಕದ ಜೆಫ್ರಿ ಕಾರ್ಪ್ ಮತ್ತು ಜೊತೆಗಾರರು 2012ರಲ್ಲಿ ಉತ್ತರ ಅಮೆರಿಕದ ಮುಳ್ಳುಹಂದಿಯ ಮುಳ್ಳನ್ನು ಅಳೆದು ನೋಡಿದರು. ತುದಿಯ ಸುಮಾರು 4 ಮಿಲಿಮೀಟರಿನಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ಇವು ಇದ್ದರೆ ಹೊರಗೆಳೆಯುವುದು ಕಷ್ಟ. ಅದನ್ನು ಯಾರಾದರೂ ಊಹಿಸಬಹುದು. ಆದರೆ ಒಳಗೆ ಹೋಗಲು ಬೇಕಾದ ಬಲವೂ ಇವುಗಳಿಂದ ಅರ್ಧದಷ್ಟು ಕಮ್ಮಿಯಾಗುತ್ತದೆ. ಸುಲಭವಾಗಿ ಚುಚ್ಚುವ ಸೂಜಿ, ಗಾಯ ಹಿಡಿದಿಡುವ ಅಂಟುಪಟ್ಟಿ, ಎರಡಕ್ಕೂ ಇದರಿಂದ ದಾರಿ ಸಿಕ್ಕಿತು. 'ಮುಳ್ಳುಹಂದಿ ಸೂಜಿ' ಎಂದು ಬರೆದರೆ ನಮ್ಮ ಮಕ್ಕಳ ಕಣ್ಣಿಗೆ ಬರುವುದು ನಮ್ಮ ಕಾಡಿನ ಮುಳ್ಳುಹಂದಿ. ಅದರ ಮುಳ್ಳು ನುಣುಪು, ಹಿಂದಕ್ಕೆ ಬಾಗಿದ ಮುಳ್ಳೇ ಇಲ್ಲ. ಹೆಸರೇ ತಪ್ಪು ಪಾಠ ಹೇಳಿಬಿಡುತ್ತದೆ. ಹಾಗಾಗಿ ಇಲ್ಲಿ ಪ್ರಾಣಿಯ ಹೆಸರು ಬಿಟ್ಟು 'ಹಿಮ್ಮುಳ್ಳಿನ ಸೂಜಿ' ಎಂದು ಬರೆದಿದ್ದೇನೆ.

ಈ 'ಹಿಮ್ಮುಳ್ಳು' ನಾನು ಕಟ್ಟಿಕೊಂಡ ಪದ. ಮೀನಿನ ಗಾಳದ ತುದಿಯಲ್ಲಿ ಇಂಥದ್ದೇ ಒಂದು ಇರುತ್ತದೆ. ಗಾಳ ಮಾಡುವವರು, ಹಾಕುವವರು ಅದಕ್ಕೆ ಒಂದು ಹೆಸರು ಇಟ್ಟೇ ಇಟ್ಟಿರುತ್ತಾರೆ. ಕರಾವಳಿಯವರು, ತುಂಗಭದ್ರೆ, ಕಾವೇರಿ ದಂಡೆಯವರು ಯಾರಾದರೂ ಕೇಳಿ ತಿಳಿಸುವಿರಾ? ತುಳು, ಕೊಂಕಣಿ ಪದವಾದರೂ ಆದೀತು. ಸಿಕ್ಕರೆ 'ಹಿಮ್ಮುಳ್ಳು' ತೆಗೆದು ಅದನ್ನೇ ಹಾಕುತ್ತೇನೆ.